ಸೊಸೆಯ ಕರಾರು ಕಾಯ್ದೆಯೂ ನನ್ನ ಮೀಸೆಯೂ

ಮನೆಯಲ್ಲಿ ಒಬ್ಬರು ಕಾನೂನು ಓದುವುದಕ್ಕೆ ಕೂತರೆ ಮಿಕ್ಕವರೆಲ್ಲ ತಾವಾಗಿಯೇ ಪ್ರತಿವಾದಿಗಳಾಗುತ್ತಾರೆ. ನಾನು ಓದಿದ್ದು ಊರಿನ ಶಾಲೆಯಲ್ಲಿ. ಅಲ್ಲಿ ಮೇಷ್ಟ್ರು ಹೇಳಿದ್ದೇ ಕಾನೂನು, ಮೇಲ್ಮನವಿ ಇರಲಿಲ್ಲ. ಆಮೇಲೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ಮುಂದೆ ನಿಂತು ಆಯಸ್ಸಿನ ಬಹುಪಾಲು ಕಳೆದೆ. ಲೇತ್ ಕೂಡ ತಿರುಗಿ ಮಾತಾಡುವ ಪೈಕಿ ಅಲ್ಲ. ಈಗ ಬಸವೇಶ್ವರನಗರದ ಮನೆಯಲ್ಲಿ ಬೆಳಗ್ಗೆ ಪೂಜೆ, ಸಂಜೆ ಭಜನೆ, ನಡುವೆ ಮೊಮ್ಮಗಳು ಅಂತ ಇರುವ ಕಾಲದಲ್ಲಿ ಸೊಸೆ ಒಂದು ದಿನ ಬಂದು, "ಮಾವ, ಸಂಜೆ ಕಾಲೇಜಿಗೆ ಸೇರಿ ಎಲ್‌ಎಲ್‌ಬಿ ಮಾಡ್ಲಾ?" ಅಂತ ಕೇಳಿದಳು. "ಮಾಡಮ್ಮ, ವಿದ್ಯೆ ಒಳ್ಳೇದು" ಅಂದೆ. ಆ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಆಗಬಾರದ್ದೆಲ್ಲ ಆಗುತ್ತಲೇ ಬಂತು. ಅದರಲ್ಲಿ ನೆನಪಿದ್ದಷ್ಟನ್ನು ಹೇಳುತ್ತೇನೆ.

ಬಲಗಡೆ ಹೂವು

ಸೊಸೆ ಮೊದಲ ವರ್ಷ ಮಿಕ್ಕೆಲ್ಲ ವಿಷಯಗಳಲ್ಲಿ ಪಾಸಾದಳು. ಕರಾರು ಕಾಯ್ದೆಯೊಂದರಲ್ಲಿ ಉಳಿದುಕೊಂಡಳು. ಇಬ್ಬರ ನಡುವೆ ಒಪ್ಪಂದ ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ, ಕೊಟ್ಟ ಮಾತು ಯಾವಾಗ ಕಟ್ಟಿಹಾಕುತ್ತದೆ ಅಂತ ಹೇಳುವ ಕಾಯ್ದೆ ಅದು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. "ಇನ್ನೊಂದ್ಸಲ ಹೋದ್ರೆ ಓದೋದೇ ಬಿಟ್ಬಿಡ್ತೀನಿ ಅತ್ತೆ" ಎಂದು ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಸೆಯ ಕಣ್ಣೀರು ಕಂಡರೆ ನನ್ನ ಹೆಂಡತಿಗೆ ತಡೆಯಲಾಗುವುದಿಲ್ಲ. ಆ ಭಾನುವಾರವೇ ಎಲ್ಲರನ್ನೂ ಮಗನ ಕಾರಿನಲ್ಲಿ ತುಂಬಿಸಿಕೊಂಡು ಮಾಗಡಿ ರಸ್ತೆ ಆಚೆ ನಮ್ಮೂರಿಗೆ, ಮನೆದೇವರು ಭೈರವನ ಗುಡಿಗೆ ಹೊರಟಳು.

ನಮ್ಮಲ್ಲಿ ದೇವರನ್ನು ಹೂವು ಕೇಳುವ ಪದ್ಧತಿ ಇದೆ. ಪೂಜಾರಪ್ಪ ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾರೆ. ನಾವು ಕೇಳುವುದನ್ನು ಕೇಳಿ ಕಾಯಬೇಕು. ಬಲಗಡೆಯದು ಬಿದ್ದರೆ ಸ್ವಾಮಿ ಒಪ್ಪಿದ, ಎಡಗಡೆಯದು ಬಿದ್ದರೆ ಒಪ್ಪಲಿಲ್ಲ. ನನ್ನ ಹೆಂಡತಿ ಕೈಮುಗಿದು, ಇಡೀ ಗುಡಿಗೆ ಕೇಳುವ ಹಾಗೆ ಹೇಳಿದಳು:

"ಸ್ವಾಮಿ, ನನ್ನ ಸೊಸೆ ಈ ಸಲ ಪಾಸಾದ್ರೆ, ನಮ್ಮನೆಯವರ ಮೀಸೆ ನಿನ್ನ ಪಾದಕ್ಕೆ ಒಪ್ಪಿಸ್ತೀನಿ."

ನಾನು ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತಿದ್ದೆ. ಕಣ್ಣು ತಾನಾಗಿ ತೆರೆದುಕೊಂಡಿತು.

ನನ್ನ ಮೀಸೆಯ ಬಗ್ಗೆ ಎರಡು ಮಾತು ಹೇಳಬೇಕು. ಅದು ಬಂದ ದಿನದಿಂದ ನನ್ನ ಜೊತೆ ಇದೆ. ಕಾರ್ಖಾನೆಯಲ್ಲಿ ನನ್ನನ್ನು ಹೆಸರಿನಿಂದ ಯಾರೂ ಕರೆಯಲಿಲ್ಲ, 'ಮೀಸೆಯವರು' ಅಂತಲೇ ಕರೆದರು. ಒಂದೇ ಸಲ ತೆಗೆಸಿದ್ದೆ, ನಮ್ಮ ತಂದೆ ತೀರಿಕೊಂಡಾಗ. ನಮ್ಮ ಕಡೆ ನನ್ನಂಥ ವಯಸ್ಸಿನ ಗಂಡಸು ಮೀಸೆ ಬೋಳಿಸಿಕೊಂಡು ಬೀದಿಯಲ್ಲಿ ಕಂಡರೆ ಜನ ಮೊದಲು ಕೇಳುವುದು, 'ಯಾರು ಹೋದ್ರು?' ಅಂತ.

"ಏನೇ ಇದು? ನನ್ನ ಮೀಸೆ ಯಾಕೆ?" ಎಂದು ಪಿಸುಗುಟ್ಟಿದೆ.

"ಹರಕೆ ಅಂದ್ರೆ ಪ್ರೀತಿಯ ವಸ್ತು ಕೊಡ್ಬೇಕು ರೀ."

"ಪ್ರೀತಿ ನನ್ನದಲ್ವೇನೇ?"

"ಅದಕ್ಕೇ."

ನಮ್ಮ ಭೈರವನಿಗೆ ಕಲ್ಲಿನಲ್ಲೇ ಕಡೆದ ಮೀಸೆ ಇದೆ, ಕೆನ್ನೆಯಿಂದ ಕೆನ್ನೆಗೆ. ಅಂಥ ದೇವರಿಗೆ ನನ್ನದು ಯಾಕೆ ಬೇಕಾಯಿತೋ ತಿಳಿಯದು. ಹೂವು ಮಾತ್ರ ಬಲಗಡೆಯಿಂದ, ಹಿಂದೆಮುಂದೆ ನೋಡದೆ, ಟಪ್ಪನೆ ಬಿತ್ತು.

ಟೊಮೇಟೊ

ಅಂದಿನಿಂದ ಸೊಸೆ ಪುಸ್ತಕ ಕೈಯಿಂದ ಕೆಳಗಿಡಲಿಲ್ಲ. ಓದಿದ್ದನ್ನು ಬದುಕಿನಲ್ಲಿ ಹಚ್ಚಿ ನೋಡಿದರೆ ಮರೆಯುವುದಿಲ್ಲ ಅಂತ ಅವಳ ಮೇಡಂ ಹೇಳಿದ್ದರಂತೆ. ಹಚ್ಚುವುದಕ್ಕೆ ಅವಳಿಗೆ ಸಿಕ್ಕ ಬದುಕು ನಮ್ಮದು.

ನಮ್ಮ ಬೀದಿಗೆ ದಿನಾ ಬೆಳಗ್ಗೆ ತರಕಾರಿ ಗಾಡಿ ಬರುತ್ತದೆ. ಗಾಡಿಯವನು ಬಾಯಿ ಬಿಡುವುದಿಲ್ಲ, ಗಾಡಿಗೆ ಕಟ್ಟಿದ ಸ್ಪೀಕರ್ ಪೆಟ್ಟಿಗೆಯೇ ಅವನ ಪರವಾಗಿ ಕೂಗುತ್ತಿರುತ್ತದೆ. ನನ್ನ ಹೆಂಡತಿ ಗೇಟಿನ ಹತ್ತಿರ ನಿಂತು ಟೊಮೇಟೊ ಬೆಲೆ ಕೇಳಿದಳು. ಅವನು ಹೇಳಿದ. ಇವಳು ಹತ್ತು ರೂಪಾಯಿ ಇಳಿಸಿ ಕೇಳಿದಳು. "ಬರಲ್ಲ ಅಮ್ಮ" ಅಂದ. ಇದು ನಿತ್ಯದ ಪೂಜಾವಿಧಿ. ಇವಳು ಎರಡು ಟೊಮೇಟೊ ಎತ್ತಿ, ಮೂಗಿನ ಹತ್ತಿರ ಹಿಡಿದು, ನಿಟ್ಟುಸಿರು ಬಿಟ್ಟು, "ಹೋಗ್ಲಿ, ನೀನು ಹೇಳಿದ ಬೆಲೆಗೇ ಹಾಕು" ಅಂದಳು.

ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದ ಸೊಸೆ ಥಟ್ಟನೆ ತಲೆಯೆತ್ತಿದಳು. "ಅತ್ತೆ, ಆ ಬೆಲೆ ಈಗ ಇಲ್ಲ."

"ಎಲ್ಲಿ ಹೋಯ್ತು?"

"ಸತ್ತೋಯ್ತು. ಅವರು ಒಂದು ಬೆಲೆ ಹೇಳಿದ್ರು, ಅದು ಪ್ರಸ್ತಾವ. ನೀವು ಕಮ್ಮಿ ಕೇಳಿದ್ರಿ, ಅದು ಪ್ರತಿಪ್ರಸ್ತಾವ. ನೀವು ಕಮ್ಮಿ ಕೇಳಿದ ತಕ್ಷಣ ಅವರ ಹಳೇ ಮಾತು ಬಿದ್ದೋಗತ್ತೆ. ಈಗ ಅವರು ಆ ಬೆಲೆಗೇ ಕೊಡ್ಬೇಕು ಅಂತೇನಿಲ್ಲ. ಬೇಕಾದ್ರೆ ಹೊಸ ಬೆಲೆ ಹೇಳ್ಬೋದು."

ಗಾಡಿಯವನು ಸ್ಪೀಕರಿನ ಬಾಯಿ ಮುಚ್ಚಿಸಿ, ಅಷ್ಟೂ ಮಾತನ್ನು ಗಮನವಿಟ್ಟು ಕೇಳಿದ.

"ಹಂಗಾ ಮೇಡಂ? ಗೊತ್ತೇ ಇರ್ಲಿಲ್ಲ. ಹಂಗಿದ್ರೆ ಅಮ್ಮ, ಇನ್ನೈದು ರೂಪಾಯಿ ಜಾಸ್ತಿ ಹಾಕಿ."

ಅವತ್ತು ನಮ್ಮ ಮನೆಯಲ್ಲಿ ಹುಣಸೇಹಣ್ಣಿನ ಸಾರು. ಮರುದಿನದಿಂದ ಗಾಡಿಯವನು ಬೇರೆ ಮನೆಗಳ ಮುಂದೆ ತರಕಾರಿ ಕೂಗಿಸುತ್ತಾನೆ. ನಮ್ಮ ಮನೆಯ ಮುಂದೆ ಮಾತ್ರ ಸ್ಪೀಕರ್ ನಿಲ್ಲಿಸಿ, "ಲಾಯರ್ ಮೇಡಂ ಎದ್ದಿದಾರಾ?" ಅಂತ ತಾನೇ ಕೂಗುತ್ತಾನೆ.

ಎರಡು ದೊನ್ನೆ

ಒಂದು ಮಧ್ಯಾಹ್ನ ಸೊಸೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು: "ಮೌನ ಸ್ವೀಕಾರವಲ್ಲ. ಒಬ್ಬರು ಪ್ರಸ್ತಾವ ಇಟ್ಟಾಗ ಇನ್ನೊಬ್ಬರು ಸುಮ್ಮನಿದ್ದರೆ, ಅವರು ಒಪ್ಪಿದರು ಅಂತ ಆಗುವುದಿಲ್ಲ."

ನಾನು ಕೋಣೆಯಲ್ಲಿ ಮಲಗಿದ್ದವನು ಎದ್ದು ಕೂತೆ. ಸಂಸಾರ ಶುರುವಾದಂದಿನಿಂದ ನಾನು ಸುಮ್ಮನಿದ್ದೇ ಒಪ್ಪಿಕೊಂಡು ಬಂದವನು. ಮನೆಗೆ ಯಾವ ಬಣ್ಣ, ಮದುವೆಗೆ ಯಾವ ಸೀರೆ, ದೀಪಾವಳಿಗೆ ಯಾರ ಮನೆ, ಎಲ್ಲದಕ್ಕೂ ನನ್ನ ಮೌನವನ್ನೇ ಒಪ್ಪಿಗೆ ಅಂತ ನಡೆಸಿದ್ದಾರೆ. ಅದೆಲ್ಲ ಊರ್ಜಿತವಲ್ಲ ಅಂತ ಕಾಯ್ದೆಯಲ್ಲೇ ಇರಬೇಕಾದರೆ! ಹಳೆಯದು ಹೋಗಲಿ, ಮೀಸೆಯ ವಿಷಯ ಇನ್ನೂ ಕೈಯಲ್ಲಿದೆಯಲ್ಲ. ಸೊಸೆಯ ಎದುರು ಹೋಗಿ ಕೂತೆ.

"ಅಮ್ಮಾ, ಒಂದು ಸಂದೇಹ. ಅವತ್ತು ಗುಡೀಲಿ ನಿಮ್ಮತ್ತೆ ನನ್ನ ಮೀಸೆ ವಿಷಯ ಹೇಳಿದ್ರಲ್ಲ, ಆಗ ನಾನು ದೇವರಿಗೆ ಹೂಂ ಅನ್ಲಿಲ್ಲ."

ಸೊಸೆ ಪುಸ್ತಕ ಮುಚ್ಚಿ ನೆಟ್ಟಗೆ ಕೂತಳು. ಮೊದಲ ಕಕ್ಷಿದಾರ ಬಂದ ಕಳೆ ಅವಳ ಮುಖದಲ್ಲಿತ್ತು. "ಅನ್ಲಿಲ್ವಾ? ಒಳ್ಳೇದಾಯ್ತು ಮಾವ. ನಿಮ್ಮ ವಸ್ತು ಕೊಡ್ತೀನಿ ಅಂತ ಇನ್ನೊಬ್ಬರು ಮಾತು ಕೊಟ್ರೆ ಅದು ನಿಮ್ಮನ್ನ ಕಟ್ಟಿಹಾಕಲ್ಲ. ಆಮೇಲೆ ನೀವು ಅದನ್ನ ಒಪ್ಕೊಂಡ್ರೆ ಮಾತ್ರ ತೊಂದರೆ. ಮಾತಿನಲ್ಲೇ ಒಪ್ಬೇಕು ಅಂತಿಲ್ಲ, ನಡವಳಿಕೇಲಿ ತೋರಿಸಿದ್ರೂ ಸಾಕು. ಹೂವು ಬಿದ್ದ ಮೇಲೆ ನೀವೇನು ಮಾಡಿದ್ರಿ?"

"ನಮಸ್ಕಾರ ಮಾಡಿದೆ."

"ಅದು ಎಲ್ಲರೂ ಮಾಡ್ತಾರೆ. ಆಮೇಲೆ?"

"ಹರಕೆ ಪ್ರಸಾದ ಅಂತ ಸಿಹಿಪೊಂಗಲು ಕೊಟ್ರು. ತಗೊಂಡೆ."

ಸೊಸೆಯ ಹುಬ್ಬು ಗಂಟಿಕ್ಕಿತು. "ಹರಕೆ ಪ್ರಸಾದ ಅಂತ ಹೇಳೇ ಕೊಟ್ರಾ? ಎಷ್ಟು ತಿಂದ್ರಿ ಮಾವ?"

"ಎರಡು ದೊನ್ನೆ."

"ಎರಡನೇದು ಅವರಾಗೇ ಕೊಟ್ರೋ, ನೀವು ಕೇಳಿ ಹಾಕಿಸ್ಕೊಂಡ್ರೋ?"

ನಾನು ಸುಳ್ಳು ಹೇಳುವವನಲ್ಲ. ದೇವರ ಪ್ರಸಾದದ ವಿಷಯದಲ್ಲಂತೂ ಹೇಳಲಾರೆ. "ಕೇಳಿ ಹಾಕಿಸ್ಕೊಂಡೆ. ಗೋಡಂಬಿ ಇತ್ತು."

ಸೊಸೆ ಮತ್ತೆ ಪುಸ್ತಕ ತೆಗೆದಳು. "ಒಂದು ದೊನ್ನೆ ಆಗಿದ್ರೆ ವಾದ ಮಾಡ್ಬೋದಿತ್ತು ಮಾವ."

ಮಸಾಲೆಪುರಿ

ಮೊಮ್ಮಗಳಿಗೂ ಕಾನೂನು ಅಂಟಿತು. ಶನಿವಾರ ಸಂಜೆ ಅವಳಿಗೂ ನನಗೂ ಒಂದು ಮಾತಾಗಿತ್ತು. ನಾನು ಮಾರೇನಹಳ್ಳಿಯಲ್ಲಿ ಮಸಾಲೆಪುರಿ ಕೊಡಿಸಬೇಕು, ಅವಳು ವಾರವಿಡೀ ಸಂಜೆ ಟಿವಿ ಆರಿಸಿ ನನ್ನ ಜೊತೆ ದೇವರ ಮುಂದೆ ಕೂತು ಶ್ಲೋಕ ಹೇಳಬೇಕು. ಮಸಾಲೆಪುರಿ ಆಯಿತು, ಮೇಲೆ ಒಂದು ಪ್ಲೇಟ್ ಸುಕ್ಕ ಪುರಿಯೂ ಆಯಿತು. ಸೋಮವಾರ ಸಂಜೆ ನಾನು ದೀಪ ಹಚ್ಚಿ ಕರೆದೆ.

"ಬರಲ್ಲ ತಾತ. ನಾನು ಮೈನರ್ರು."

"ಆದ್ರೇನೀಗ?"

"ಮೈನರ್ ಜೊತೆ ಮಾಡಿದ ಕರಾರು ಲೆಕ್ಕಕ್ಕಿಲ್ಲ. ಅಮ್ಮ ಓದ್ತಾ ಇದ್ಲು."

"ಹಂಗಾದ್ರೆ ನನ್ನ ಮಸಾಲೆಪುರಿ ವಾಪಸ್ ಕೊಡು."

"ಮೈನರ್ ತಿಂದಿದ್ದು ವಾಪಸ್ ಕೊಡ್ಬೇಕಾಗಿಲ್ಲ. ಅದನ್ನೂ ಓದ್ತಾ ಇದ್ಲು."

ನಮ್ಮೂರ ಶಾಲೆಯಲ್ಲೂ ಮೈನರುಗಳೇ ತುಂಬಿದ್ದರು. ಈ ಕಾಯ್ದೆ ಅಲ್ಲಿಗೆ ತಲುಪಿರಲಿಲ್ಲ. ಮೇಷ್ಟ್ರ ಕೈಯಲ್ಲಿ ಹುಣಸೇ ಬರಲು ಇರುತ್ತಿತ್ತು.

ಒಂದು ಅರ್ಜಿ, ಎರಡು ಬೇಡಿಕೆ

ಪರೀಕ್ಷೆ ಹತ್ತಿರ ಬಂದ ಹಾಗೆ ನನ್ನ ಪೂಜೆಗೆ ತೊಡಕಾಯಿತು. ಕಣ್ಣು ಮುಚ್ಚಿ, "ಸ್ವಾಮಿ, ಸೊಸೆ ಪಾಸಾಗ್ಲಿ" ಎಂದು ಶುರು ಮಾಡುತ್ತೇನೆ. ಹುಡುಗಿ ಬೆಳಗ್ಗೆ ಬೇಗ ಎದ್ದು ಅಡುಗೆ ಮುಗಿಸಿ, ಮಗುವನ್ನು ಶಾಲೆಗೆ ಕಳಿಸಿ, ಪುಸ್ತಕದ ಮೇಲೆ ತೂಕಡಿಸುವುದನ್ನು ದಿನಾ ನೋಡುತ್ತೇನಲ್ಲ, ಬೇರೆ ಏನು ಬೇಡಲಿ? ಆದರೆ ಆರತಿ ತಟ್ಟೆ ಎತ್ತಿದರೆ ಅದರ ಹೊಳಪಿನಲ್ಲಿ ಮೀಸೆ ಕಾಣುತ್ತದೆ. ಪ್ರಾರ್ಥನೆ ಅಲ್ಲಿಗೆ ನಿಂತುಬಿಡುತ್ತದೆ.

ಸೊಸೆ ಇದನ್ನು ಗಮನಿಸಿದ್ದಳು. "ಯಾಕೆ ಮಾವ, ದಿನಾ ಅರ್ಧಕ್ಕೆ ನಿಲ್ಲಿಸ್ತೀರಿ?"

"ಒಂದೇ ಅರ್ಜೀಲಿ ಎರಡು ಬೇಡಿಕೆ ಇಡ್ಬೋದೇನಮ್ಮಾ? ಒಂದಕ್ಕೊಂದು ತದ್ವಿರುದ್ಧ ಇದ್ರೆ?"

"ಧಾರಾಳವಾಗಿ ಇಡ್ಬೋದು. ಕೋರ್ಟಲ್ಲಿ ಹಂಗೇ ಮಾಡೋದು. ಮೊದಲನೇ ಬೇಡಿಕೆ ಈಡೇರಿಸಿ, ಅದು ಆಗದಿದ್ರೆ ಪರ್ಯಾಯವಾಗಿ ಎರಡನೇದು ಅಂತ ಬರೀತಾರೆ."

ಮನಸ್ಸು ಹಗುರವಾಯಿತು. ಮರುದಿನ ದೀಪದ ಮುಂದೆ ವಿಧಿವತ್ತಾಗಿ ಅರಿಕೆ ಮಾಡಿಕೊಂಡೆ. "ಸ್ವಾಮಿ, ಸೊಸೆಯನ್ನ ಪಾಸು ಮಾಡು. ಅದು ಆಗದಿದ್ರೆ, ಪರ್ಯಾಯವಾಗಿ, ನನ್ನ ಮೀಸೆ ಉಳಿಸು."

ಮಂಗಳಾರತಿ ಮುಗಿಯುವ ಹೊತ್ತಿಗೆ ಹೊಳೆಯಿತು. ಇದನ್ನು ಭೈರವ ಹೂವು ಬಿದ್ದ ದಿನವೇ ಮಂಜೂರು ಮಾಡಿದ್ದ.

ಓಡಿಹೋದ ಹುಡುಗಿ

ಪರೀಕ್ಷೆ ಕೆಂಗೇರಿಯಲ್ಲಿ. ಮೆಟ್ರೋದಲ್ಲಿ ಹೋಗೋಣ ಅಂದೆ. "ನಿಂತ್ಕೊಂಡು ಪುಸ್ತಕ ತಿರುವಿ ಹಾಕೋಕಾಗಲ್ಲ ಮಾವ" ಅಂದಳು. ಆಟೋ ಹಿಡಿದೆವು. ಅವಳು ಒಬ್ಬಳೇ ಹೋಗುವುದು ಬೇಡ ಅಂತ ನಾನೂ ಹತ್ತಿದೆ.

ನಾಯಂಡಹಳ್ಳಿ ಹತ್ತಿರ ಆಟೋ ನಿಂತಿತು. ಮುಂದೆ ರಸ್ತೆ ಅಗೆದು ಹಾಕಿದ್ದರು. ಡ್ರೈವರ್ ತಿರುಗಿ, "ಸಾರ್, ಇಲ್ಲೇ ಇಳ್ಕೊಂಡ್ಬಿಡಿ. ಮುಂದಕ್ಕೆ ಹೋಗೋಕಾಗಲ್ಲ" ಅಂದ.

ಸೊಸೆ ಪುಸ್ತಕದಿಂದ ತಲೆಯೆತ್ತಿದಳು. "ಅಣ್ಣ, ಆಗಲ್ಲ ಅನ್ನೋದು ಬೇರೆ, ಕಷ್ಟ ಅನ್ನೋದು ಬೇರೆ. ಕೆಂಗೇರಿಗೆ ಬಿಡ್ತೀನಿ ಅಂತ ಒಪ್ಕೊಂಡಿದೀರಿ. ಅಸಾಧ್ಯ ಆದ್ರೆ ಕರಾರು ತಾನಾಗೇ ಮುಗಿಯತ್ತೆ. ಕಷ್ಟ ಆದ್ರೆ ಮುಗಿಯಲ್ಲ. ಸುತ್ತಾಕ್ಕೊಂಡು ಹೋಗೋಕೆ ದಾರಿ ಇದೆ ತಾನೇ?"

ಡ್ರೈವರ್ ಇಂಜಿನ್ ಆರಿಸಿದ. ಜಗಳಕ್ಕೆ ಬಂದ ಅಂದುಕೊಂಡೆ. ಅವನು ಕಾಲು ಮಡಿಸಿ ಸೀಟಿನ ಮೇಲೆ ಪೂರ್ತಿ ನಮ್ಮ ಕಡೆ ತಿರುಗಿ ಕೂತ.

"ಮೇಡಂ, ಒಂದು ವಿಷ್ಯ ಕೇಳ್ತೀನಿ. ನನ್ನ ಬಾಮೈದ ಮದುವೆಗೆ ಅಂತ ಚೌಟ್ರಿ ಬುಕ್ ಮಾಡಿದ್ದ. ಹಿಂದಿನ ದಿನ ಹುಡುಗಿ ಓಡ್ಹೋದ್ಲು. ಇದು ಅಸಾಧ್ಯನಾ, ಕಷ್ಟನಾ?"

ಸೊಸೆಯ ಕಣ್ಣು ಮಿನುಗಿತು. "ಚೌಟ್ರಿ ಸುಟ್ಟುಹೋಗಿದ್ರೆ ಅಸಾಧ್ಯ. ಇಲ್ಲಿ ಚೌಟ್ರಿ ಇದೆ, ಹುಡುಗಿ ಇಲ್ಲ. ಆ ಮದುವೆಗೇ ಅಂತ ಹೇಳಿ ಬುಕ್ ಮಾಡಿದ್ರಾ, ಬರೀ ಹಾಲ್ ಅಂತ ಮಾಡಿದ್ರಾ?"

"ಮದುವೆಗೇ ಮೇಡಂ. ಬೋರ್ಡ್ ಮೇಲೆ ಹೂವಿನಲ್ಲಿ ಇಬ್ಬರ ಹೆಸರೂ ಕಟ್ಸಿದ್ವಿ."

"ಹಾಗಾದ್ರೆ ಎರಡೂ ಕಡೆ ವಾದ ಇದೆ. ಮೊದಲು ಬಾಮೈದನ ಕಡೆಯಿಂದ ಹೇಳ್ತೀನಿ..."

ನಾನು ಗಡಿಯಾರ ನೋಡಿದೆ. ಪರೀಕ್ಷೆಗೆ ಗೇಟು ಮುಚ್ಚುವ ಹೊತ್ತಾಗುತ್ತಿತ್ತು. ಇಬ್ಬರೂ ಚೌಟ್ರಿಯೊಳಗೆ ಇದ್ದರು. ಆ ಗಳಿಗೆಯಲ್ಲಿ ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು, ಮೀಸೆಗೆ ಏನೂ ಆಗುತ್ತಿರಲಿಲ್ಲ. ಮನುಷ್ಯನ ಬುದ್ಧಿ ನೋಡಿ. ನಾನೇ ಕೂಗಿದೆ: "ಏಳಮ್ಮ! ಪರೀಕ್ಷೆ!"

"ಒಂದ್ನಿಮಿಷ ಇರಿ ಸಾರ್" ಅಂದ ಡ್ರೈವರ್. "ಇದು ಜೀವನದ ಪ್ರಶ್ನೆ."

ಅವಳ ಕೈ ಹಿಡಿದು ಇಳಿಸಿ, ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿಸಿ, ಏದುಸಿರು ಬಿಡುತ್ತ ಕೆಂಗೇರಿ ಮುಟ್ಟಿಸಿದೆ. ಗೇಟು ಎಳೆಯುತ್ತಿದ್ದ ಕಾವಲುಗಾರನಿಗೆ ನನ್ನ ವಯಸ್ಸು ತೋರಿಸಿ ಅವಳನ್ನು ಒಳಗೆ ನುಗ್ಗಿಸಿದೆ. ಎದುರಿನ ಗಣಪತಿ ಗುಡಿಯ ಕಟ್ಟೆಯ ಮೇಲೆ ಕೂತು ಕಾದೆ.

ಮಧ್ಯಾಹ್ನ ಹೊರಗೆ ಬಂದಾಗ ಅವಳ ಮುಖ ಅರಳಿತ್ತು. "ಮಾವ! ದೊಡ್ಡ ಪ್ರಶ್ನೆ ಯಾವುದು ಬಂತು ಗೊತ್ತಾ? ಒಂದು ಸಮಾರಂಭಕ್ಕೆ ಅಂತ ಹಾಲ್ ಬುಕ್ ಮಾಡಿರ್ತಾರೆ, ಸಮಾರಂಭವೇ ನಿಂತೋಗತ್ತೆ. ಬಾಮೈದಂದೇ! ಎರಡೂ ಕಡೆ ವಾದ ಬರೆದು ಬಂದೆ."

ಆ ಓಡಿಹೋದ ಹುಡುಗಿ ಎಲ್ಲಿದ್ದರೂ ಚೆನ್ನಾಗಿರಲಿ. ಬಾಮೈದನಿಗೆ ಅವಳಿಂದ ಏನಾಯಿತೋ ನನಗೆ ತಿಳಿಯದು. ನನ್ನ ಮೀಸೆಗೆ ಕುತ್ತು ಬಂದಿದ್ದು ಮಾತ್ರ ಅವಳಿಂದಲೇ.

ಭೈರವನ ಮೌನ

ಫಲಿತಾಂಶ ಬಂತು. ಪಾಸು. ಅದೂ ಒಳ್ಳೆಯ ಅಂಕ. ಸೊಸೆ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ. ಇನ್ನೊಂದು ಕೈ ತಾನಾಗಿ ಮೀಸೆಯ ಮೇಲಿತ್ತು. ನನ್ನ ಹೆಂಡತಿ ಆಗಲೇ ಕ್ಯಾಲೆಂಡರ್ ನೋಡುತ್ತಿದ್ದಳು.

"ಹೆದರ್ಬೇಡಿ ಮಾವ. ನನ್ನ ಮೊದಲನೇ ಕೇಸು ನಿಮ್ದೇ" ಅಂದಳು ಸೊಸೆ.

ಭಾನುವಾರ ಮತ್ತೆ ಭೈರವನ ಗುಡಿ. ಹೊರಗೆ ಬೇವಿನ ಮರದ ಕೆಳಗೆ ಊರಿನ ಕ್ಷೌರದವರು ಕತ್ತಿ ಮಸೆಯುತ್ತಿದ್ದರು. ಒಳಗೆ ಸೊಸೆ ಪೂಜಾರಪ್ಪನ ಎದುರು ವಾದ ಶುರು ಮಾಡಿದಳು.

"ನೋಡಿ, ಹರಕೆ ಹೊತ್ತಿದ್ದು ಅತ್ತೆ. ಮೀಸೆ ಮಾವಂದು."

"ಎರಡು ದೊನ್ನೆ ಪೊಂಗಲು ತಿಂದಿಲ್ವಾ?" ಅಂದಳು ನನ್ನ ಹೆಂಡತಿ. ಅವತ್ತು ನಾವಾಡಿದ ಮಾತು ಅಡುಗೆಮನೆಗೆ ಕೇಳಿಸಿತ್ತು ಅಂತ ಆಗ ತಿಳಿಯಿತು.

ಸೊಸೆ ಆ ವಾದ ಅಲ್ಲಿಗೇ ಬಿಟ್ಟಳು. "ಸರಿ, ಹರಕೆ ಇದೆ ಅಂತಾನೇ ಇಟ್ಕೊಳ್ಳೋಣ. ಆದರೆ ಹಳೇ ಕರಾರಿನ ಜಾಗಕ್ಕೆ ಹೊಸ ಕರಾರು ತರಬಹುದು. ಎರಡೂ ಕಡೆಯವರು ಒಪ್ಪಿದ್ರೆ ಹಳೇದು ಅಲ್ಲಿಗೆ ಮುಗೀತು. ಮಾವ ಕೂದಲಿನ ಮೀಸೆ ಬದಲು ಸ್ವಾಮಿಗೆ ಬೆಳ್ಳಿ ಮೀಸೆ ಮಾಡಿಸಿಕೊಡ್ತಾರೆ. ಸ್ವಾಮೀನೇ ಕೇಳಿಬಿಡಿ."

ಪೂಜಾರಪ್ಪನಿಗೆ ಇದು ಹಿಡಿಸಿತು. ಬೆಳ್ಳಿ ಮೀಸೆ ಸುತ್ತಮುತ್ತಲ ಯಾವ ಗುಡಿಯಲ್ಲೂ ಇಲ್ಲ. ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿದರು. ನಾನು ಮುಂದೆ ಹೋಗಿ ಕೈಮುಗಿದು, "ಸ್ವಾಮಿ, ಬೆಳ್ಳಿ ಮೀಸೆ ತಂದು ಒಪ್ಪಿಸ್ತೀನಿ. ಒಪ್ಪಿಗೆಯಾದ್ರೆ ಬಲಗಡೆ ಕೊಡು" ಅಂತ ಬೇಡಿಕೊಂಡೆ.

ಕಾದೆವು. ಬಲಗಡೆ ಬೀಳಲಿಲ್ಲ. ಎಡಗಡೆಯೂ ಬೀಳಲಿಲ್ಲ. ಪೂಜಾರಪ್ಪ ಗಂಟೆ ಬಾರಿಸಿದರು, ಧೂಪ ಹಾಕಿದರು. ನನ್ನ ಹೆಂಡತಿ ಕೆಮ್ಮಿದಳು. ಹೂವು ಎರಡೂ ಅಂಟಿದ ಹಾಗೇ ಇದ್ದವು. ಹಿಂದೆ ಭಕ್ತರ ಸಾಲು ಬೆಳೆಯಿತು.

ಕೊನೆಗೆ ಪೂಜಾರಪ್ಪ ನನ್ನ ಮುಖ ನೋಡಿ ಮರುಕದಿಂದ ಹೇಳಿದರು: "ಹೋಗ್ಲಿ ಬಿಡಿ. ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡೋರು ಹೇಳವ್ರೆ. ಸ್ವಾಮಿ ಸುಮ್ನಿದಾನೆ ಅಂದ್ರೆ ಒಪ್ಪಿದಾನೆ ಅಂತಾನೇ ಲೆಕ್ಕ."

ನನ್ನ ಹೆಂಡತಿಯೂ ತಲೆಯಾಡಿಸಿದಳು. ನಾನು ನಿಡಿದಾಗಿ ಉಸಿರು ಬಿಟ್ಟು, ಮೀಸೆಯನ್ನೊಮ್ಮೆ ತೀಡಿಕೊಂಡೆ. ಆಗ ಹಿಂದಿನಿಂದ, ತರಗತಿಯಲ್ಲಿ ಉತ್ತರ ಹೇಳುವ ಹಾಗೆ, ಸ್ಪಷ್ಟವಾದ ದನಿ ಕೇಳಿಸಿತು.

"ಇಲ್ಲ ಪೂಜಾರಪ್ಪ. ಮೌನ ಸ್ವೀಕಾರವಲ್ಲ."

ಅಂದವಳೇ ಸೊಸೆ ಬಾಯಿ ಮುಚ್ಚಿಕೊಂಡಳು.

"ಕೇಳಿದ್ರಾ?" ಅಂದಳು ನನ್ನ ಹೆಂಡತಿ. "ಪಾಸಾದೋಳು ಹೇಳ್ತಾ ಇದಾಳೆ. ನಡೀರಿ."

ಬೇವಿನ ಮರದ ಕೆಳಗೆ ಕೂತೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೀಸೆಯನ್ನು ಎಲೆಯ ಮೇಲಿಟ್ಟು, ತಣ್ಣಗಾದ ತುಟಿಯೊಂದಿಗೆ ಗುಡಿಯೊಳಗೆ ಬಂದು ಭೈರವನ ಪಾದಕ್ಕೆ ಒಪ್ಪಿಸಿ, ತಲೆ ಬಾಗಿಸಿದೆ. ತಲೆಯೆತ್ತುವ ಹೊತ್ತಿಗೆ ಏನೋ ಮೆತ್ತಗೆ ನನ್ನ ಮುಂದೆ ಬಿತ್ತು.

ಹೂವು. ಬಲಗಡೆಯದು.

"ಒಪ್ಪಿಬಿಟ್ಟ! ಬೆಳ್ಳಿ ಮೀಸೆಗೆ ಸ್ವಾಮಿ ಒಪ್ಪಿಬಿಟ್ಟ!" ಎಂದು ಪೂಜಾರಪ್ಪ ಗಂಟೆ ಬಾರಿಸಿದರು.

ನಾನು ಸೊಸೆಯ ಕಡೆ ತಿರುಗಿದೆ. "ಅಮ್ಮಾ, ಇದಕ್ಕೇನು ಹೇಳತ್ತೆ ನಿನ್ನ ಕಾಯ್ದೆ?"

ಅವಳು ನೆಲ ನೋಡಿಕೊಂಡು ಹೇಳಿದಳು: "ಬೆಳ್ಳಿ ಮೀಸೆ ಪ್ರಸ್ತಾವವನ್ನ ನೀವು ವಾಪಸ್ ತಗೊಳ್ಳಲಿಲ್ಲ ಮಾವ. ಇಷ್ಟು ಹೊತ್ತಲ್ಲೇ ಹೇಳ್ಬೇಕು ಅಂತ ಗಡುವೂ ಹಾಕ್ಲಿಲ್ಲ. ಹಂಗಾಗಿ ಅದು ಜೀವಂತ ಇತ್ತು. ಸ್ವೀಕಾರ ಬಂತು."

"ಹೊಸದು ಒಪ್ಪಿದ್ರೆ ಹಳೇದು ಹೋಗತ್ತೆ ಅಂದ್ಯಲ್ಲಮ್ಮ?"

"ಹೋಗತ್ತೆ ಮಾವ. ಆದ್ರೆ ನೀವು ಅದನ್ನ ಆಗಲೇ ನೆರವೇರಿಸಿಬಿಟ್ರಲ್ಲ."

ಮುಂದಿನ ಹುಣ್ಣಿಮೆಗೆ ಬೆಳ್ಳಿ ಮೀಸೆಯೂ ಹೋಯಿತು. ಈಗ ನಮ್ಮ ಭೈರವನಿಗೆ ಕಲ್ಲಿನದೊಂದು, ಬೆಳ್ಳಿಯದೊಂದು, ಎರಡು ಮೀಸೆ. ನೋಡುವುದಕ್ಕೆ ಚೆನ್ನಾಗಿಯೇ ಕಾಣುತ್ತದೆ. ಅವನ ಲೀಲೆ, ನಾನು ಆಡುವಂಥದ್ದೇನಿಲ್ಲ.

ಆದರೆ ಆ ಭಾನುವಾರ ಕಳೆದ ಮರುದಿನದ ಬೆಳಗ್ಗೆಯ ಮಾತೊಂದು ಹೇಳಬೇಕು. ನಾನು ಗೇಟಿನ ಹತ್ತಿರ ಹೂವು ಬಿಡಿಸುತ್ತಿದ್ದೆ. ತರಕಾರಿ ಗಾಡಿ ಬಂತು. ಗಾಡಿಯವನು ನನ್ನ ಮುಖ ನೋಡಿದವನೇ ಸ್ಪೀಕರ್ ಆರಿಸಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ: "ಯಾರು ಹೋದ್ರು ಸ್ವಾಮಿ?"

ಒಳಗಿನಿಂದ ಬುಟ್ಟಿ ಹಿಡಿದು ಬಂದ ನನ್ನ ಹೆಂಡತಿ ಹೇಳಿದಳು: "ಯಾರೂ ಹೋಗಿಲ್ಲಪ್ಪ. ನಮ್ಮ ಸೊಸೆ ಪಾಸಾದ್ಲು."

ಅವನು ನನ್ನ ಬೋಳು ತುಟಿ ನೋಡಿದ. ಜಗಲಿಯ ಮೇಲೆ ಮುಂದಿನ ವರ್ಷದ ಪುಸ್ತಕ ಹಿಡಿದು ಕೂತಿದ್ದ ಸೊಸೆಯನ್ನು ನೋಡಿದ. ಗಾಡಿಯನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿಕೊಂಡು ಹೇಳಿದ:

"ಬರೀ ಪಾಸಾಗಿದ್ದಕ್ಕೇ ಹಿಂಗಾದ್ರೆ, ನಾಳೆ ಮೇಡಂ ಪ್ರಾಕ್ಟೀಸ್ ಶುರು ಮಾಡಿದ್ರೆ ನಿಮ್ಮ ಗತಿ ಏನು ಸ್ವಾಮಿ?"